ಕ್ಲಚ್ಚಿಗೆ ಗಾಣದೆಣ್ಣೆ

ಕಾರಿನ ಮೂರು ಪೆಡಲುಗಳಲ್ಲಿ ಕ್ಲಚ್ಚಿನಷ್ಟು ಮಾನಮರ್ಯಾದೆ ಇಲ್ಲದ್ದು ಇನ್ನೊಂದಿಲ್ಲ. ಆಕ್ಸಿಲರೇಟರಿನ ಬಗ್ಗೆ ಹುಡುಗರು ಕೊಚ್ಚಿಕೊಳ್ಳುತ್ತಾರೆ, ಬ್ರೇಕಿನ ಬಗ್ಗೆ ಹಿರಿಯರು ಬುದ್ಧಿ ಹೇಳುತ್ತಾರೆ. ಎಡಗಾಲಿನ ಕೆಳಗಿರುವ ಇದು ಬಾಯಿ ಬಿಡುವ ತನಕ ಯಾರಿಗೂ ಇದರ ನೆನಪೇ ಇರುವುದಿಲ್ಲ. ನಮ್ಮ ಕಾರಿನದು ಬಾಯಿ ಬಿಟ್ಟಿದ್ದು ಕಳೆದ ದೀಪಾವಳಿಯ ಸುಮಾರಿಗೆ.

ಕಾರು ಎಂದ ಕೂಡಲೇ ದೊಡ್ಡದನ್ನೇನೂ ಊಹಿಸಿಕೊಳ್ಳಬೇಡಿ. ಹಿಂದಿನ ಸೀಟಿನಲ್ಲಿ ಇಬ್ಬರು ಕೂತ ಮೇಲೆ ಮೂರನೆಯವರನ್ನು ಬಾಯಿಮಾತಿಗಷ್ಟೇ ಕರೆಯಬಹುದಾದ ಗಾತ್ರ. ಹೊಸ ಕಾರುಗಳಲ್ಲಿ ಅನೇಕಕ್ಕೆ ಬ್ರೇಕಿನ ಹಾಗೆ ಕ್ಲಚ್ಚಿಗೂ ದ್ರವದ ಒತ್ತಡವಂತೆ. ನಮ್ಮದಕ್ಕೆ ಪೆಡಲಿನಿಂದ ಗೇರ್ ಬಾಕ್ಸಿನ ತನಕ ಒಂದು ಉಕ್ಕಿನ ಕೇಬಲ್, ಅಷ್ಟೇ. ಕಾಲು ಒತ್ತಿದರೆ ಕೇಬಲ್ ಎಳೆಯುತ್ತದೆ, ಕೇಬಲ್ ಎಳೆದರೆ ಫೋರ್ಕ್ ಹೊರಳುತ್ತದೆ, ಫೋರ್ಕ್ ಹೊರಳಿದರೆ ಬೇರಿಂಗ್ ಮುಂದೆ ಹೋಗಿ ಪ್ರೆಷರ್ ಪ್ಲೇಟನ್ನು ಒತ್ತುತ್ತದೆ, ಆಗ ಅದರ ಹಿಡಿತದಲ್ಲಿದ್ದ ಕ್ಲಚ್ ಪ್ಲೇಟಿಗೆ ಬಿಡುಗಡೆ, ಇಂಜಿನ್ನಿಗೂ ಚಕ್ರಗಳಿಗೂ ತಾತ್ಕಾಲಿಕ ವಿಚ್ಛೇದನ. ಇಷ್ಟು ಮಂದಿ ಕೈ ಹಚ್ಚಿದ ಕೆಲಸದಲ್ಲಿ ಯಾರು ಕಿರುಚಿದರೂ ಸದ್ದು ಕೇಳಿಸುವುದು ಪೆಡಲಿನ ಬುಡದಲ್ಲಿಯೇ. ತಕರಾರು ಶುರುವಾಗುವುದೂ ಅಲ್ಲಿಯೇ.

ಪೆಡಲ್ ಒತ್ತಿದಾಗ ‘ಕಿರ್ರ್’, ಬಿಟ್ಟಾಗ ‘ಕೊಂಯ್’. ಇದು ನನ್ನ ಕಿವಿಯ ವರದಿ. ಹೆಂಡತಿಯ ಪ್ರಕಾರ ಒತ್ತಿದಾಗಲೇ ‘ಕೊಂಯ್’, ಬಿಟ್ಟಾಗ ಬರುವುದು ನನ್ನ ಮೊಣಕಾಲಿನ ಸದ್ದು. ಮಗಳು ವಿವಾದ ಬಗೆಹರಿಸಲೆಂದು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡಳು. ಕೇಳಿ ನೋಡಿದರೆ ಪಕ್ಕದ ಮನೆಯ ಮಿಕ್ಸರ್ ಬಹಳ ಸ್ಪಷ್ಟವಾಗಿ ಬಂದಿತ್ತು, ಚಟ್ನಿ ಎಷ್ಟು ನುಣ್ಣಗಾಯಿತು ಎಂಬುದೂ ತಿಳಿಯುವಷ್ಟು.

ಎದುರು ಮನೆಯವರು ಬಸ್ಸು ಓಡಿಸಿ ನಿವೃತ್ತರಾದವರು. ಅವರ ಆರಂಭದ ದಿನಗಳ ಬಸ್ಸಿನಲ್ಲಿ ಗೇರ್ ಇಳಿಸಬೇಕಾದರೆ ಡಬಲ್ ಕ್ಲಚ್: ಒಮ್ಮೆ ಒತ್ತಿ ನ್ಯೂಟ್ರಲ್ಲಿಗೆ ತಂದು, ಬಿಟ್ಟು ಆಕ್ಸಿಲರೇಟರಿಗೊಂದು ಏಟು ಕೊಟ್ಟು, ಮತ್ತೆ ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ಹೀಗೆ ಘಾಟಿಗಳನ್ನು ಹತ್ತಿಳಿದ ಅವರ ಎಡ ತೊಡೆ ಈಗಲೂ ಬಲ ತೊಡೆಗಿಂತ ದಪ್ಪ ಎಂದು ಮನೆಯವರೇ ಹೇಳುತ್ತಾರೆ. ಕ್ಲಚ್ಚಿನ ಮಾತೆತ್ತಿದರೆ ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದು ಬರುವ ಮನುಷ್ಯ.

“ಮೇಷ್ಟ್ರೇ, ಮೊದಲು ಪ್ಲೇಟ್ ನೋಡೋಣ. ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆಯಿರಿ. ಮೂರನೇ ಗೇರಿಗೆ ಹಾಕಿ. ಈಗ ಮೆಲ್ಲಗೆ ಕ್ಲಚ್ ಬಿಡಿ.”

ಬಿಟ್ಟೆ. ಕಾರು ಒಮ್ಮೆ ಮೈ ಕೊಡವಿ ಬಂದ್ ಬಿತ್ತು.

“ಚಿಂತೆಯಿಲ್ಲ. ಇಂಜಿನ್ ಸತ್ತರೆ ಪ್ಲೇಟ್ ಬದುಕಿದೆ ಎಂದು ಲೆಕ್ಕ. ಹೀಗೆ ಮಾಡಿದರೂ ಇಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ ಎಂದು ಅರ್ಥ. ಹಾಗಿದ್ದರೆ ಏರಿನಲ್ಲಿ ಸದ್ದು ಮಾತ್ರ ಏರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ.” ಆಮೇಲೆ ಪೆಡಲಿಗೆ ಕಿವಿ ಕೊಟ್ಟು ತೀರ್ಪು ಹೇಳಿದರು: “ಒತ್ತಿದಾಗ ಸದ್ದು ಬಂದರೆ ಕ್ಲಚ್ ಬೇರಿಂಗ್. ಕಾಲು ತೆಗೆದಾಗ ಗೊರಗೊರ ಎಂದು, ಒತ್ತಿದರೆ ನಿಂತುಹೋದರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್.”

“ಎರಡೂ ಹೊತ್ತು ಬಂದರೆ?”

“ಕಾರು ಮಾರಿಬಿಡಿ.”

ನಮ್ಮ ಶಿವಮೊಗ್ಗದ ಅಮೀರ್ ಅಹಮದ್ ವೃತ್ತದ ಸಿಗ್ನಲ್ಲಿನಲ್ಲಿ ಗೇರ್ ಹಾಕಿಕೊಂಡೇ ಕ್ಲಚ್ ತುಳಿದು ಕೂರುವವರೆಲ್ಲ ಬೇರಿಂಗಿನ ಆಯುಷ್ಯ ತಿನ್ನುವವರು ಎಂದು ಹದಿನೈದು ನಿಮಿಷ ಬೈದರು. ಯಾರನ್ನು ಎಂದು ನಾನು ಕೇಳಲಿಲ್ಲ.

ಮುಂದಿನ ಹೆಜ್ಜೆ ದೊಡ್ಡ ವರ್ಕ್‌ಶಾಪು. ಕ್ಲಚ್ಚಿನ ಸದ್ದಿಗೂ ಸಂಕೋಚ ಎಂಬುದಿದೆ ಎಂದು ಗೊತ್ತಾಗಿದ್ದು ಅಲ್ಲಿ. ದಾರಿಯುದ್ದಕ್ಕೂ ಕಿರುಗುಟ್ಟಿಕೊಂಡು ಬಂದದ್ದು ಗೇಟು ದಾಟುತ್ತಿದ್ದಂತೆ ಗಪ್‌ಚಿಪ್. ಇಸ್ತ್ರಿ ಮಾಡಿದ ಅಂಗಿಯ ಹುಡುಗ ನಾಲ್ಕು ಸಲ ಪೆಡಲ್ ತುಳಿದು, ಏನೂ ಕೇಳಿಸದಿದ್ದರೂ ಪೂರ್ತಿ ಕೇಳಿಸಿದವನ ಹಾಗೆ ತಲೆಯಾಡಿಸಿ, “ಕ್ಲಚ್ ಸೆಟ್ ಹೋಗಿದೆ ಸಾರ್” ಎಂದ. ಸೆಟ್ ಎಂದರೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ. ಬೇರಿಂಗ್ ಒಂದೇ ಸಾಲದೇ ಎಂದರೆ, ಹೇಗೂ ಗೇರ್ ಬಾಕ್ಸ್ ಇಳಿಸಬೇಕು, ಕೂಲಿ ಅಷ್ಟೇ ಬೀಳುತ್ತದೆ, ಮೂರನ್ನೂ ಹಾಕಿಸಿಬಿಡಿ ಎಂದ. ಮಾತೇನೋ ನ್ಯಾಯವಾದದ್ದೇ. ಬೇರಿಂಗೇ ಹೋಗಿದ್ದರೆ ನಾನೂ ಹಾಗೆಯೇ ಮಾಡಿಸುತ್ತಿದ್ದೆ. ಆದರೆ ಎಸ್ಟಿಮೇಟಿನ ಅಂಕೆಗಳನ್ನು ನೋಡಿದ ಹೆಂಡತಿ, “ರೀ, ಉಡುಪಿಗೆ ಹೋಗಿ ಬಂದ ಮೇಲೆ ಯೋಚಿಸೋಣ” ಎಂದಳು. ಉಡುಪಿ ಅವಳ ತವರು. ಅಲ್ಲಿಗೆ ಹೋಗಿ ಬರುವುದಕ್ಕೆ ಅವಳ ಲೆಕ್ಕದಲ್ಲಿ ಕ್ಲಚ್ಚಿನ ಅಗತ್ಯವೇನೂ ಇಲ್ಲ.

ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳು. ಇಳಿಯುವಾಗ ಒಂದನ್ನೂ ಬಿಡದೆ ಎಲ್ಲ ಕಡೆ ಕ್ಲಚ್ ತನ್ನ ಅಭಿಪ್ರಾಯ ಹೇಳಿತು. ಹಳೆಯ ತೊಟ್ಟಿಲು ತೂಗಿದ ಹಾಗಿನ ಆ ಸದ್ದಿಗೆ ಹಿಂದಿನ ಸೀಟಿನಲ್ಲಿ ಮಗಳು ಸೋಮೇಶ್ವರ ಬರುವಷ್ಟರಲ್ಲಿ ಗಾಢ ನಿದ್ದೆ ಹೋಗಿದ್ದಳು.

ಮಾವನವರು ಅಂಗಳದಲ್ಲೇ ಸದ್ದು ಕೇಳಿಸಿಕೊಂಡರು. ಅವರ ಮನೆಯಲ್ಲಿ ತಲೆಗೆ, ಒಗ್ಗರಣೆಗೆ, ಬಾಗಿಲಿನ ಕೀಲಿಗೆ, ಹಲಸಿನ ಹಣ್ಣು ಬಿಡಿಸುವಾಗ ಕೈಗೆ, ಮಕ್ಕಳ ಹೊಟ್ಟೆನೋವಿಗೆ ಹೊಕ್ಕುಳಿನ ಸುತ್ತ, ಎಲ್ಲದಕ್ಕೂ ತೆಂಗಿನೆಣ್ಣೆ. ನಾವು ಊಟ ಮುಗಿಸಿ ಅಡ್ಡಾಗಿ ಏಳುವಷ್ಟರಲ್ಲಿ ಬಾನೆಟ್ ತೆರೆದು, ಕೇಬಲಿನ ತುದಿಯ ರಬ್ಬರ್ ಟೋಪಿ ಎತ್ತಿ, ದೋಸೆಗೆ ಎಣ್ಣೆ ಬಿಡುವ ಚಮಚದಿಂದ ಚಿಕಿತ್ಸೆ ಮುಗಿಸಿದ್ದರು. “ಗಾಣದ್ದು, ಪೇಟೆಯದ್ದಲ್ಲ. ಈಗ ಒತ್ತಿ ನೋಡಿ ಅಳಿಯಂದಿರೇ.”

ಒತ್ತಿದೆ. ಸದ್ದಿಲ್ಲ! ಪೆಡಲ್ ಹೊಸದರ ಹಾಗೆ ಇಳಿಯಿತು. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ವರ್ಕ್‌ಶಾಪಿನ ಎಸ್ಟಿಮೇಟೂ ನನ್ನ ಡಿಗ್ರಿಗಳೂ ಸೇರಿದ್ದವು. ವಾಪಸು ಘಾಟಿ ಹತ್ತುವಾಗಲೂ ಮೌನ. ಕಾರಿನಲ್ಲಿ ಮಾತ್ರ ಬಜ್ಜಿಯ ಅಂಗಡಿಯ ಮುಂದೆ ನಿಂತ ಪರಿಮಳ.

ಈ ಸುಖ ಡಿಸೆಂಬರಿನ ಚಳಿ ಬೀಳುವ ತನಕ ನಡೆಯಿತು. ಒಂದು ಬೆಳಿಗ್ಗೆ ಕ್ಲಚ್ ಒತ್ತಿದರೆ ಪೆಡಲ್ ಒಳಗೆ ಹೋಯಿತು, ಹೊರಗೆ ಬರುವ ಲಕ್ಷಣವೇ ಇಲ್ಲ. ಕಾಲು ತೆಗೆದು ಬಗ್ಗಿ ನೋಡುತ್ತಿದ್ದೇನೆ: ನಿವೃತ್ತ ಅಧಿಕಾರಿ ಕುರ್ಚಿಯಿಂದ ಏಳುವ ಗಾಂಭೀರ್ಯದಲ್ಲಿ ಒಂದೊಂದೇ ಅಂಗುಲ ಮೇಲೆ ಬರುತ್ತಿದೆ. ಬಿಸಿಲೇರಿದ ಮೇಲೆ ಎಲ್ಲ ಸರಿ. ಮಾರನೆಯ ಬೆಳಿಗ್ಗೆ ಮತ್ತೆ ಅದೇ. ಎದುರು ಮನೆಯವರು ಬಂದು ನೋಡಿ, ಬೇರಿಂಗಿಗೆ ಚಳಿಗಾಲ ಆಗಿಬರುವುದಿಲ್ಲ ಎಂದರು.

ಕೊನೆಗೆ ಹೋದದ್ದು ಬಸ್ ನಿಲ್ದಾಣದ ಹಿಂದಿನ ಒಂದು ಶೆಡ್ಡಿಗೆ. ಅಲ್ಲಿನ ಮೆಕ್ಯಾನಿಕ್ ಮಾತು ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಪೆಡಲ್ ಸರಿಯಾಗಿಯೇ ಇತ್ತಾದ್ದರಿಂದ ನಾನು ಅಭಿನಯಿಸಿ ತೋರಿಸಬೇಕಾಯಿತು. ಅವನು ಅದನ್ನು ನೋಡಿ ನಗಲೂ ಇಲ್ಲ. “ರಾತ್ರಿ ಇಲ್ಲೇ ಬಿಟ್ಟು ಹೋಗಿ ಸಾರ್. ಬೆಳಿಗ್ಗೆ ಕಾರು ಏಳುವ ಮುಂಚೆ ನೋಡುತ್ತೇನೆ.”

ಬೆಳಿಗ್ಗೆ ಹೆಂಡತಿಯೂ ಬಂದಳು. ಅವನು ಕೀಲಿಯನ್ನೇ ಮುಟ್ಟಲಿಲ್ಲ. ಬಾಗಿಲು ತೆರೆದು ಮಂಡಿಯೂರಿ, ಕಾಲಿನಿಂದಲ್ಲ, ಕೈಯಿಂದ ಪೆಡಲ್ ಒತ್ತಿದ. ಇಂಜಿನ್ ಬಂದ್ ಇರುವಾಗಲೇ ಪೆಡಲ್ ಅಂಟಿಕೊಂಡಿತು, ಜೊತೆಗೆ ಸಣ್ಣದೊಂದು ‘ಕಿರ್ರ್’ ಕೂಡ.

“ಬೇರಿಂಗ್ ಅಲ್ಲ. ಇಂಜಿನ್ ತಿರುಗದೆ ಬೇರಿಂಗ್ ಹೇಗೆ ಕೂಗುತ್ತದೆ ಸಾರ್?”

ಇಷ್ಟು ದಿನ ನೋಡಿದ ತಜ್ಞರಲ್ಲಿ ಇಂಜಿನ್ ನಿಲ್ಲಿಸಿ ಕೇಳೋಣ ಎಂದವರು ಒಬ್ಬರೂ ಇರಲಿಲ್ಲ. ಬಾನೆಟ್ಟಿನ ಕೆಳಗೆ ಎರಡು ನಟ್ಟು ಸಡಿಲಿಸಿ, ಕೇಬಲನ್ನು ಕಳಚಿ, ಒಳಗಿನ ತಂತಿಯನ್ನು ಕವಚದಿಂದ ಎಳೆದ. ಮೊದಲು ಬಂದದ್ದು ಕಂದುಬಣ್ಣದ ತುಕ್ಕು. ಆಮೇಲೆ ಒಂದೊಂದಾಗಿ ಹರಿದು ಹೊರಕ್ಕೆ ಸೆಟೆದು ನಿಂತ ಉಕ್ಕಿನ ಎಳೆಗಳು. ಕವಚದ ಒಳಗೋಡೆಯನ್ನು ಕೆರೆದು ಕಿರುಗುಟ್ಟುತ್ತಿದ್ದದ್ದು ಅವೇ. ಬೆರಳಿಟ್ಟು ನೋಡಲು ಹೋದೆ, ಚುಚ್ಚಿತು. ಆ ಎಳೆಗಳ ನಡುವೆಲ್ಲ ಬೆಳ್ಳಗೆ, ಮೇಣದಂತೆ ಏನೋ ಮೆತ್ತಿಕೊಂಡಿತ್ತು. ಮೆಕ್ಯಾನಿಕ್ ಅದನ್ನು ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದ, ಮೂಸಿದ, ಇನ್ನೊಮ್ಮೆ ಮೂಸಿದ.

ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಉಡುಪಿಯ ಸೆಕೆಯಲ್ಲಿ ಅದಕ್ಕೆ ಆ ಯೋಗ ಅಪರೂಪ. ಘಾಟಿ ಹತ್ತುವಾಗ ಇಂಜಿನ್ನಿನ ಬಿಸಿ ಕಾಪಾಡಿತ್ತು. ಶಿವಮೊಗ್ಗದ ಡಿಸೆಂಬರಿನ ರಾತ್ರಿ, ಶೆಡ್ಡೂ ಇಲ್ಲದೆ ಬೀದಿಯಲ್ಲಿ ಮಲಗುವ ನಮ್ಮ ಕಾರಿನೊಳಗೆ ಸ್ನಾನದ ಮನೆಯ ಬಾಟಲಿಯಲ್ಲಿ ಆಗುವುದೇ ಆಗಿತ್ತು. ಅಸಲು ರೋಗ ಕೇಬಲಿನದೇ. ಎಣ್ಣೆ ಅದರ ಕೂಗನ್ನು ಅಡಗಿಸಿ, ಚಳಿಯಲ್ಲಿ ಕೈಕಾಲು ಕಟ್ಟಿಹಾಕಿತ್ತು, ಅಷ್ಟೇ.

“ಇದನ್ನು ಹಾಕಿದವರು ಯಾರು?” ಎಂದ ಮೆಕ್ಯಾನಿಕ್.

“ನಮ್ಮ ಅಪ್ಪ” ಎಂದಳು ಹೆಂಡತಿ, ತಲೆಯೆತ್ತಿಯೇ.

ಅವನು ಮರುಮಾತಾಡದೆ ಹೊಸ ಕೇಬಲ್ ತರಿಸಿದ. ಬೆಲೆ ಕೆಲವು ನೂರು ರೂಪಾಯಿ. ಹಾಕಿ, ತುದಿಯ ನಟ್ಟನ್ನು ತಿರುಗಿಸುತ್ತ ಪೆಡಲನ್ನು ಬೆರಳಿನಿಂದ ಒತ್ತಿ ಒತ್ತಿ ಪ್ಲೇ ನೋಡಿದ. ಭಾರ ಹತ್ತುವ ಮುಂಚೆ ಒಂದಿಷ್ಟು ಸುಮ್ಮನೆ ಇಳಿಯಬೇಕಂತೆ. ಅದು ಇಲ್ಲದಿದ್ದರೆ ಬೇರಿಂಗ್ ಸದಾ ಒತ್ತಿಕೊಂಡೇ ಸವೆಯುತ್ತದೆ, ಪ್ಲೇಟೂ ಜಾರುತ್ತದೆ. ಜಾಸ್ತಿಯಾದರೆ ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಗೇರ್ ಹಾಕುವಾಗ ‘ಗರ್ರ್’ ಎನ್ನುತ್ತದೆ. “ಒಳಗೆ ನೈಲಾನ್ ಪದರ ಇದೆ. ಇನ್ನು ಏನನ್ನೂ ಬಿಡಬೇಡಿ” ಎಂದು ಹೆಂಡತಿಯನ್ನು ನೋಡಿಯೇ ಹೇಳಿದ.

ಕೂಲಿ ಎಷ್ಟು ಎಂದು ಕೇಳಿದೆ. ಕೈ ಒರೆಸಿಕೊಳ್ಳುತ್ತಿದ್ದವನು ಮತ್ತೊಮ್ಮೆ ಬೆರಳು ಮೂಸಿದ. “ಗಾಣದ್ದೇ ಅಲ್ಲವೇ?”

“ಗಾಣದ್ದೇ” ಎಂದಳು ಅವಳು.

“ಇಲ್ಲಿ ಇಂಥದ್ದು ಸಿಗುವುದಿಲ್ಲ. ಕೇಬಲಿನದು ಕೊಡಿ ಸಾಕು. ಕೂಲಿಗೆ, ಮುಂದಿನ ಸಲ ಉಡುಪಿಗೆ ಹೋದಾಗ ಎರಡು ಲೀಟರ್ ತಂದುಕೊಡಿ.”

ಅಂದು ಸಂಜೆಯೇ ಮಾವನವರಿಗೆ ಫೋನು ಹೋಯಿತು. ಕೇಬಲಿನ ಸುದ್ದಿ ಹೇಳಿದಳೋ ಇಲ್ಲವೋ ನನಗೆ ಕೇಳಿಸಲಿಲ್ಲ. ನಿಮ್ಮ ಎಣ್ಣೆಯನ್ನು ಶಿವಮೊಗ್ಗದ ಮೆಕ್ಯಾನಿಕ್ಕೇ ಹುಡುಕಿಕೊಂಡು ಕೇಳಿದ್ದಾನೆ ಎಂಬುದಂತೂ ಎದುರು ಮನೆಯ ತನಕ ಕೇಳಿಸಿತು.