ಹಕ್ಕಿಯೊಂದನ್ನು ಬಿಟ್ಟು

ಚಿತ್ರದುರ್ಗದಲ್ಲಿ ಗಾಳಿಗೆ ಬರವಿಲ್ಲವೆಂಬುದನ್ನು ಜೋಗಿಮಟ್ಟಿಯ ಕಡೆಯ ಗಾಳಿಯಂತ್ರಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಆದರೆ ಆ ಗಾಳಿಗೆ, ಹಿತ್ತಲಿನಲ್ಲಿ ನೀರಿಗೆ ಬರುವ ಹಕ್ಕಿಗಳ ಫೋಟೊ ತಾನಾಗಿಯೇ ತೆಗೆಯಲೆಂದು ನಾನಿಟ್ಟ ಪಿಐಆರ್ ಸೆನ್ಸರಿನ ಮೇಲೆ ಏನು ಹಗೆಯೋ ತಿಳಿಯದು. ಈ ಸೆನ್ಸರು ಹಕ್ಕಿಯನ್ನು ಗುರುತಿಸುವುದಿಲ್ಲ, ತನ್ನೆದುರು ಹಾದುಹೋಗುವ ಬಿಸಿಯ ಏರುಪೇರನ್ನಷ್ಟೇ ಗುರುತಿಸುತ್ತದೆ. ಹಿತ್ತಲಿನಲ್ಲಿ ಮಣ್ಣಿನ ತಟ್ಟೆಗೆ ನೀರು ತುಂಬಿ, ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸೆನ್ಸರು, ಕ್ಯಾಮೆರಾ ಕ್ಲಿಕ್ಕಿಸುವ ರಿಲೇ ಎಂಬ ಸ್ವಿಚ್ಚು, ಒಂದು ಹಳೆಯ ಕ್ಯಾಮೆರಾ ಇವನ್ನೆಲ್ಲ ಜೋಡಿಸಿಟ್ಟು ಕೆಲಸಕ್ಕೆ ಹೋಗಿ ಬಂದು ನೋಡಿದರೆ, ಬಿಸಿಲಿಗೆ ಕಾದು ತಂತಿಯ ಮೇಲೆ ಹಾರಾಡಿದ ಅಪ್ಪಾಜಿಯ ಪಂಚೆಯೇ ಕಾರ್ಡಿನ ತುಂಬ ಇತ್ತು.

“ನಿಮ್ಮಪ್ಪಾಜಿ ಮದುವೇಲೂ ಇಷ್ಟು ಫೋಟೊ ತೆಗೆಸ್ಕೊಂಡಿರಲಿಲ್ಲ ಕಣಪ್ಪ” ಎಂದರು ಅಮ್ಮ.

ಪಂಚೆಯನ್ನು ಮಹಡಿಗೆ ಸಾಗಿಸಿದ ಮೇಲೂ ಸುಖವಿರಲಿಲ್ಲ. ಹಕ್ಕಿಯ ಮೈಬಿಸಿ ಸುಮಾರು 40 ಡಿಗ್ರಿ. ಏಪ್ರಿಲ್ಲಿನ ಮಧ್ಯಾಹ್ನ ಹಿಂದಿನ ಗೋಡೆಯೂ ಅಷ್ಟೇ ಕಾದಿರುವಾಗ ಪಿಕಳಾರ ಬಂದು ಮಿಂದು ಹೋದರೂ ಸೆನ್ಸರಿಗೆ ಎರಡರ ವ್ಯತ್ಯಾಸವೇ ತಿಳಿಯುವುದಿಲ್ಲ. ಬೆಳಗಿನ ತಂಪಿನಲ್ಲಿ ತಿಳಿದರೂ, ರಿಲೇಯ ‘ಟಕ್’ ಸದ್ದಿಗೆ ಬೆಚ್ಚಿ ಹಾರಿದ ಹಕ್ಕಿಯ ಬಾಲದ ತುದಿ ಮಾತ್ರ ಚೌಕಟ್ಟಿನಲ್ಲಿ ಉಳಿಯುತ್ತಿತ್ತು. ರಿಲೇಯ ಬದಲು ಸದ್ದಿಲ್ಲದೆ ಬೆಳಕಿನಿಂದಲೇ ಸ್ವಿಚ್ಚು ಒತ್ತುವ ಆಪ್ಟೊಕಪ್ಲರ್ ಹಾಕಿದೆ.

ಸೆನ್ಸರಿನ ಜಾಗಕ್ಕೆ, ತಟ್ಟೆಯ ಒಂದು ಬದಿಗೆ ಸೆಕೆಂಡಿಗೆ 38,000 ಬಾರಿ ಮಿನುಗುವ, ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಎಲ್ಇಡಿ, ಇನ್ನೊಂದು ಬದಿಗೆ ಟಿವಿಯೊಳಗೆ ರಿಮೋಟಿನ ಸಂಕೇತ ಹಿಡಿಯುವಂಥ ಮೂರು ಕಾಲಿನ ರಿಸೀವರ್ ಬಂದವು. ನಡುವೆ ಹಕ್ಕಿ ಅಡ್ಡ ಬಂದು ಸಂಕೇತ ಕಡಿದರೆ ಕ್ಯಾಮೆರಾ ಕ್ಲಿಕ್ಕಿಸಬೇಕು. ಆದರೆ ಈ ರಿಸೀವರ್, ಗಣಪತಿ ಪೆಂಡಾಲಿನ ಮೈಕಿಗೆ ಕಿವಿ ಒಗ್ಗಿದ ಪಕ್ಕದ ಮನೆಯವರ ಹಾಗೆ, ಬಿಡುವಿಲ್ಲದೆ ಬರುವ ಸಂಕೇತವನ್ನು ಗದ್ದಲವೆಂದು ತಿಳಿದು ಕಡೆಗಣಿಸಿಬಿಡುತ್ತದೆ. ಆದ್ದರಿಂದ ಬೆಳಕನ್ನು ತುಣುಕು ತುಣುಕಾಗಿ, ನಡುನಡುವೆ ಬಿಡುವು ಕೊಟ್ಟು ಕಳಿಸುವಂತೆ ಪ್ರೋಗ್ರಾಮನ್ನು ತಿದ್ದಬೇಕಾಯಿತು. ಆಮೇಲೆ ಗೊರವಂಕ ಬಂತು, ಹರಟೆಮಲ್ಲಗಳ ಇಡೀ ಸಂಸಾರವೇ ಬಂತು. ಆದರೆ ಎಲ್ಲವೂ ಬೆನ್ನು ತಿರುಗಿಸಿಯೇ ಕುಳಿತವು.

ಎದುರು ಮುಖ ಕೊಟ್ಟದ್ದು ಕಾಗೆಯೊಂದೇ. ಗೂಡಿಗೆ ತಂತಿ ಹುಡುಕುವ ಅಭ್ಯಾಸ ಕಾಗೆಗಳಿಗೆ ಇದ್ದೇ ಇದೆ; ರಿಸೀವರಿನ ಕೆಂಪು ಜಂಪರ್ ವೈರನ್ನು ಅದು ಕಿತ್ತ ಕ್ಷಣವೇ ಸಂಕೇತ ಕಡಿದು, ಹಕ್ಕಿ ಬಂತೆಂದು ತಿಳಿದ ಬೋರ್ಡು ಕ್ಯಾಮೆರಾ ಒತ್ತಿದೆ. ಕೊಕ್ಕಿನಲ್ಲಿ ವೈರು, ಕಣ್ಣಿನಲ್ಲಿ ಹೊಳಪು, ಫೋಕಸ್ಸೂ ಕರಾರುವಾಕ್ಕು.