14 ಕೋರ್ ಅಂತೆ, ಗೇಮಿಂಗ್‌ಗಂತೆ!

ನಿನ್ನೆ ಶಿವಮೊಗ್ಗದ ನೆಹರೂ ರಸ್ತೆ ಕಡೆ ಹೋಗಿದ್ದೆ. ಬೇಕಿದ್ದದ್ದು ಒಂದು ನೆಟ್‌ವರ್ಕ್ ಕೇಬಲ್ ಮಾತ್ರ. ತಗೊಂಡು ಸುಮ್ಮನೆ ಮನೆಗೆ ಬರಬೇಕಿತ್ತು. ಬರಲಿಲ್ಲ. ಅದಕ್ಕೇ ಈ ಉದ್ದದ ಪೋಸ್ಟು. ಓದೋಕೆ ಪುರಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಅಂಗಡಿಯಲ್ಲಿ ಹೊಸನಗರ ಕಡೆಯ ಅಪ್ಪ ಮಗ ಕೂತಿದ್ದರು. ಹುಡುಗ ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾನೆ. ಕಂಪ್ಯೂಟರ್ ಓದೋಕೆ ಬೇಕು ಅಂತ ಅಪ್ಪನಿಗೆ ಹೇಳಿದ್ದಾನೆ, ವ್ಯಾಲರಂಟ್ ಅನ್ನೋ ಶೂಟಿಂಗ್ ಗೇಮ್ ಆಡೋಕೆ ಬೇಕು ಅಂತ ಅಂಗಡಿಯವನಿಗೆ ಹೇಳಿದ್ದಾನೆ. ಎರಡೂ ಸುಳ್ಳಲ್ಲ ಬಿಡಿ. ಅಂಗಡಿಯವನು ಗಾಜಿನ ಕ್ಯಾಬಿನೆಟ್ ಒಂದನ್ನು ಮುಂದಿಟ್ಟ. ಒಳಗೆ ಮೂರು ಫ್ಯಾನು, ಅದರಲ್ಲಿ ಬಣ್ಣ ಬಣ್ಣದ ಲೈಟು.

"ಇದು ಜಿಯಾನ್ ಯಜಮಾನ್ರೆ, ಸರ್ವರ್ ಪ್ರೊಸೆಸರ್. 14 ಕೋರ್, 28 ಥ್ರೆಡ್. ಆ ಕಡೆ ಇರೋದು ಬರೀ 6 ಕೋರ್, ಅದಕ್ಕೆ ಇದಕ್ಕಿಂತ ಜಾಸ್ತಿ ರೇಟು. ನೀವೇ ಯೋಚನೆ ಮಾಡಿ." (ಜಿಯಾನ್ ಇಂಟೆಲ್ ಕಂಪನಿಯದ್ದು. ಕೋರ್ ಅಂದರೆ ಪ್ರೊಸೆಸರಿನೊಳಗಿನ ಒಬ್ಬ ಕೆಲಸಗಾರ, ಥ್ರೆಡ್ ಅಂದರೆ ಅವನು ಹಿಡಿಯುವ ಕೆಲಸದ ಒಂದು ಸಾಲು.)

"ಸರ್ವರ್ ಅಂದ್ರೆ ಎಂತದು?" ಅಂತ ಯಜಮಾನರು ಕೇಳಿದರು.

"ಬ್ಯಾಂಕಲ್ಲಿ ಇರ್ತದಲ್ಲ, ಅದೇ."

ಬ್ಯಾಂಕ್ ಅಂದ ಮೇಲೆ ಮುಗಿಯಿತಲ್ಲ. ಯಜಮಾನರ ಕೈ ಜೇಬಿಗೆ ಹೋಯಿತು.

ನಾನು ಬೆಂಗಳೂರಲ್ಲಿ ಎಷ್ಟು ಕಾಲ ಸರ್ವರ್ ರೂಮಿನ ಎಸಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದೆ ಅಂತ ನಿಮಗೆ ಗೊತ್ತಿದೆ. ಹಾಗಾಗಿ ಬಾಯಿ ಸುಮ್ಮನಿರಲಿಲ್ಲ. "ಯಾವ ಜಿಯಾನ್?" ಅಂದೆ. "ಇ5 ಸರ್." "ಇ5ನಲ್ಲಿ ಯಾವುದು?" ಸ್ವಲ್ಪ ಹೊತ್ತು ಬಿಟ್ಟು "2680 ವಿ4" ಅಂದ. ಅದು 2016ರಲ್ಲಿ ಬಂದ ಚಿಪ್ಪು. ಯಾವುದೋ ಡೇಟಾ ಸೆಂಟರಿನಲ್ಲಿ ಹಗಲು ರಾತ್ರಿ ದುಡಿದು, ಅವರು ಹೊಸದು ಹಾಕಿಕೊಂಡಾಗ ಸಾಗಹಾಕಿದ್ದು. ಹಳೆಯದು ಅನ್ನೋದಕ್ಕೆ ನನ್ನ ತಕರಾರಿಲ್ಲ. ಪ್ರೊಸೆಸರ್ ಅಷ್ಟು ಸುಲಭಕ್ಕೆ ಸಾಯುವ ವಸ್ತುವೂ ಅಲ್ಲ. ನನ್ನ ತಕರಾರು "14 ಕೋರ್, ಗೇಮಿಂಗ್‌ಗೆ" ಅನ್ನುವ ಆ ಒಂದು ಮಾತಿನ ಮೇಲೆ.

ಕೋರ್ ಎಣಿಸಿ ಪ್ರೊಸೆಸರ್ ತಗೊಳ್ಳೋದನ್ನು ಇವರಿಗೆ ಯಾರು ಕಲಿಸಿದರೋ!

ನೋಡಿ, ನಮ್ಮ ಊರಿನವರಿಗೆ ಅರ್ಥ ಆಗೋ ಹಾಗೆ ಹೇಳುತ್ತೇನೆ. ಅಡಿಕೆ ಸುಲಿಯುವ ಕೆಲಸ ಇದೆ. ಅದಕ್ಕೆ 14 ಜನ ಬಂದರೆ 14 ಜನರಿಗೂ ಕೆಲಸ ಇದೆ. ರಾಶಿ ಬೇಗ ಕರಗುತ್ತದೆ. ಆದರೆ ಮರ ಹತ್ತಿ ಕೊನೆ (ಅಡಿಕೆ ಗೊನೆ) ಇಳಿಸುವ ಕೆಲಸ? ಒಂದು ಮರಕ್ಕೆ ಒಬ್ಬನೇ ಕೊನೆಗಾರ. ಅವನು ಚುರುಕಾಗಿದ್ದರೆ ಕೆಲಸ ಬೇಗ, ನಿಧಾನ ಆದರೆ ನಿಧಾನ. ಕೆಳಗೆ ಇನ್ನು 13 ಜನ ಕತ್ತೆತ್ತಿ ನೋಡುತ್ತಾ ನಿಂತರೆ ಆ ಕೊನೆ ಬೇಗ ಇಳಿಯುತ್ತದಾ? ಇಲ್ಲ. ಕೂಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಸರ್ವರಿನದ್ದು ಸುಲಿಯುವ ಕೆಲಸ. ಒಂದೇ ಹೊತ್ತಿಗೆ ಸಾವಿರಾರು ಜನ ಬಂದು ಏನೇನೋ ಕೇಳುತ್ತಾರೆ. ಒಬ್ಬರದ್ದು ಇನ್ನೊಬ್ಬರಿಗೆ ಸಂಬಂಧ ಇಲ್ಲ. ಹಂಚಿಕೊಂಡು ಮಾಡಬಹುದು. ಗೇಮಿನದ್ದು ಹೆಚ್ಚಾಗಿ ಮರ ಹತ್ತುವ ಕೆಲಸ. ನೀವು ಮೌಸ್ ಅಲ್ಲಾಡಿಸಿದಿರಿ, ಎದುರಾಳಿ ಓಡಿದ, ಗುಂಡು ಎಲ್ಲಿ ಬಿತ್ತು, ಈಗ ಪರದೆ ಮೇಲೆ ಏನು ಬರೆಯಬೇಕು ಅನ್ನೋದೆಲ್ಲ ಒಂದರ ಹಿಂದೆ ಒಂದು ಆಗಬೇಕು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬೇಕು ಅಂದರೆ ಒಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಸೆಕೆಂಡಿಗೆ 144 ಚಿತ್ರ ತೋರಿಸುವ 144 ಹರ್ಟ್ಜ್ ಮಾನಿಟರ್ ತಗೊಂಡಿರಾ? ಹಾಗಾದರೆ 7 ಮಿಲಿಸೆಕೆಂಡೂ ಇಲ್ಲ. ಅಷ್ಟರಲ್ಲಿ ಮುಖ್ಯ ಥ್ರೆಡ್ ತನ್ನ ಕೆಲಸ ಮುಗಿಸಲೇಬೇಕು. ಅದು ಮುಗಿಯದಿದ್ದರೆ ಉಳಿದ ಕೋರ್‌ಗಳು ಖಾಲಿ ಕೂತಿದ್ದೂ ಪ್ರಯೋಜನ ಇಲ್ಲ.

ಇದು ನಾನು ಹುಟ್ಟಿಸಿದ ಮಾತಲ್ಲ. ಜೀನ್ ಆಮ್ಡಾಲ್ ಅನ್ನುವ ಕಂಪ್ಯೂಟರ್ ವಿನ್ಯಾಸಕರು 1967ರಲ್ಲೇ ಹೇಳಿಟ್ಟಿದ್ದಾರೆ. ಒಂದು ಕೆಲಸದಲ್ಲಿ ಅರ್ಧ ಭಾಗ ಹಂಚೋಕೆ ಆಗದ್ದು ಅಂತಿದ್ದರೆ, ನೀವು ಲಕ್ಷ ಕೋರ್ ತಂದು ಸುರಿದರೂ ಒಟ್ಟು ವೇಗ ಎರಡು ಪಟ್ಟು ದಾಟುವುದಿಲ್ಲ. ಇವರು ಇನ್ನೂ ಕೋರ್ ಎಣಿಸುತ್ತಿದ್ದಾರೆ.

ಆ 2680 ವಿ4 ಎಷ್ಟೇ ಹಾರಾಡಿದರೂ ಕೋರಿನ ಓಟದ ವೇಗ 3.3 ಗಿಗಾಹರ್ಟ್ಜ್. ಅದೂ ಒಂದೆರಡು ಕೋರ್ ಮಾತ್ರ ಕೆಲಸ ಮಾಡುವಾಗ. ಎಲ್ಲ ಕೋರೂ ಎದ್ದರೆ ಇನ್ನೂ ಕಡಿಮೆ. ಪಕ್ಕದಲ್ಲಿ "ಬರೀ 6 ಕೋರ್" ಅನ್ನಿಸಿಕೊಂಡು ಕೂತಿದ್ದದ್ದು ಎಎಂಡಿ ಕಂಪನಿಯ ರೈಜನ್ 5 5600. 4.4 ಗಿಗಾಹರ್ಟ್ಜ್. 2022ರದ್ದು. ಗಿಗಾಹರ್ಟ್ಜ್ ಒಂದನ್ನೇ ನೋಡಿದರೂ ಸಾಲದು. ಹೊಸ ವಿನ್ಯಾಸದ ಕೋರ್ ಒಂದು ಗಿಗಾಹರ್ಟ್ಜಿನಲ್ಲಿ ಮಾಡುವ ಕೆಲಸವೇ ಹಳೆಯದಕ್ಕಿಂತ ಜಾಸ್ತಿ. ಎರಡೂ ಸೇರಿದರೆ ವ್ಯತ್ಯಾಸ ಎಷ್ಟಾಗುತ್ತದೆ ಅಂತ ಆಟ ಶುರು ಮಾಡಿದ ಐದು ನಿಮಿಷಕ್ಕೆ ಗೊತ್ತಾಗುತ್ತದೆ. ಟಿಡಿಪಿ (ಪ್ರೊಸೆಸರ್ ಎಷ್ಟು ಬಿಸಿ ಬಿಡುತ್ತದೆ ಅನ್ನುವ ಅಂದಾಜು ಲೆಕ್ಕ) ನೋಡಿದರೆ ರೈಜನ್ 65 ವ್ಯಾಟ್, ಜಿಯಾನ್ 120.

"ಈಗಿನ ಗೇಮುಗಳು ಜಾಸ್ತಿ ಕೋರ್ ಬಳಸುತ್ತವೆ ಸರ್" ಅಂತ ಅಂಗಡಿಯವನು ವಾದಕ್ಕೆ ಬಂದ. ಬಳಸುತ್ತವೆ, ಇಲ್ಲ ಅಂತ ಯಾರು ಹೇಳಿದರು? ಪ್ಲೇಸ್ಟೇಷನ್ 5ರಲ್ಲಿ 8 ಕೋರ್ ಇದೆ, 2020ರ ಎಕ್ಸ್‌ಬಾಕ್ಸಿನಲ್ಲೂ 8. ಗೇಮ್ ಮಾಡುವವರು ಅದನ್ನೇ ಕಣ್ಣ ಮುಂದೆ ಇಟ್ಟುಕೊಂಡು ಬರೆಯುತ್ತಾರೆ. ಸರಿ, 8 ಇರಲಿ. ಆದರೆ 8 ಚುರುಕಾದ ಕೋರ್ ಬೇರೆ, 14 ನಿಧಾನದ ಕೋರ್ ಬೇರೆ. ಇಷ್ಟು ಹೇಳೋ ಹೊತ್ತಿಗೆ ಅವನ ಮುಖ ಕೆಂಪಾಗಿತ್ತು. ನನ್ನದೂ.

ತಮಾಷೆ ಕೇಳಿ. ಈ ಜಿಯಾನ್‌ನೊಳಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಹಾಗಾಗಿ ಏನಾದರೂ ಒಂದು ಕಾರ್ಡ್ ಹಾಕಲೇಬೇಕು. ಏನು ಹಾಕಿದ್ದ ಗೊತ್ತಾ? ಜಿಟಿ 710. ಮಾರಾಯ್ರೆ, ಅದು ಮಾನಿಟರಿನಲ್ಲಿ ಚಿತ್ರ ಕಾಣಿಸೋಕೆ ಇರುವ ಕಾರ್ಡು, ಆಟ ಆಡೋಕೆ ಅಲ್ಲ. ಅದರ ಪಕ್ಕ "ಗೇಮಿಂಗ್" ಅಂತ ಸ್ಟಿಕ್ಕರ್ ಬೇರೆ.

ಇನ್ನೊಂದು ವಿಷಯ ಆ ಹುಡುಗನಿಗೆ ಹೇಳಿದಾಗ ಅವನ ಮುಖ ನೋಡಬೇಕಿತ್ತು. ಆ ಪ್ರೊಸೆಸರ್ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರುಗಳ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಏನೇನೋ ಕಸರತ್ತು ಮಾಡಿ 11 ಹಾಕಬಹುದು, ಅಂಗಡಿಯವರು ಹಾಕಿಯೂ ಕೊಡುತ್ತಾರೆ. ಆದರೆ ವಿಂಡೋಸ್ 11ರಲ್ಲಿ ವ್ಯಾಲರಂಟ್ ನಡೆಯಬೇಕಾದರೆ ಟಿಪಿಎಂ 2.0 (ಭದ್ರತೆಯ ಕೀಲಿ ಕಾಯುವ ವ್ಯವಸ್ಥೆ) ಬೇಕು, ಸೆಕ್ಯೂರ್ ಬೂಟ್ (ಕಂಪ್ಯೂಟರ್ ಏಳುವಾಗ ನಂಬಿಕಸ್ಥ ಸಾಫ್ಟ್‌ವೇರನ್ನು ಮಾತ್ರ ಬಿಡುವ ವ್ಯವಸ್ಥೆ) ಬೇಕು. ಹಳೆಯ ಚಿಪ್‌ಸೆಟ್ ಬಿಚ್ಚಿ ಹೊಸ ಹಸಿರು ಹಲಗೆಗೆ ಬೆಸೆದು ಕಳಿಸುವ ಆ ಅಗ್ಗದ ಎಕ್ಸ್99 ಬೋರ್ಡುಗಳಲ್ಲಿ (ಈ ಜಿಯಾನ್ ಕೂರುವ ಮದರ್‌ಬೋರ್ಡುಗಳು) ಇದೆಲ್ಲ ಇರುತ್ತದೆ ಅಂತ ನಂಬಿ ದುಡ್ಡು ಕೊಡೋದು ಧೈರ್ಯದ ಕೆಲಸ. ಯಾವ ಆಟಕ್ಕೋಸ್ಕರ ಕಂಪ್ಯೂಟರ್ ಬೇಕಿತ್ತೋ ಆ ಆಟವೇ ತೆರೆದುಕೊಳ್ಳದಿದ್ದರೆ 28 ಥ್ರೆಡ್ ತಗೊಂಡು ಬಟ್ಟೆ ಹೊಲಿಯೋದಾ?

ಕೊನೆಗೆ ಅವರು ಏನೂ ತಗೊಳ್ಳದೆ ಎದ್ದು ಹೋದರು. ಅಂಗಡಿಯವನು ನನ್ನ ಕೇಬಲ್ಲಿಗೆ ಒಂದು ರೂಪಾಯಿ ಡಿಸ್ಕೌಂಟ್ ಕೊಡಲಿಲ್ಲ. ನ್ಯಾಯವೇ.

ಈಗ ನೀವು ಕೇಳುತ್ತೀರಿ, ನನಗೆ ಗೊತ್ತು. "ಅಣ್ಣಾ, ಎಲ್ಲರ ಹತ್ತಿರ ನಿನ್ನ ಥರ ದುಡ್ಡಿರಲ್ಲ. ಬಡವರ ಮನೆ ಹುಡುಗರಿಗೆ ಕಡಿಮೆ ರೇಟಲ್ಲಿ ಏನೋ ಒಂದು ಸಿಗಲಿ ಬಿಡು." ಈ ಮಾತು ಕೇಳಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ದುಡ್ಡು ಕಡಿಮೆ ಇರುವವನಿಗೇ ತಪ್ಪು ವಸ್ತು ತಗೊಳ್ಳುವ ಸ್ವಾತಂತ್ರ್ಯ ಇಲ್ಲದಿರೋದು. ಸೆಕೆಂಡ್ ಹ್ಯಾಂಡೇ ಬೇಕು ಅಂದರೆ ಡೆಸ್ಕ್‌ಟಾಪ್ ಪ್ರೊಸೆಸರ್ ಕೂಡ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ರೈಜನ್ 5 5600ಜಿ ತಗೊಳ್ಳಿ, ಒಳಗೇ ಗ್ರಾಫಿಕ್ಸ್ ಇದೆ, ಸಣ್ಣಪುಟ್ಟ ಆಟ ನಡೆಯುತ್ತದೆ, ಮುಂದಿನ ಕೊಯ್ಲು ಮುಗಿದ ಮೇಲೆ ಒಳ್ಳೆ ಕಾರ್ಡ್ ಹಾಕಿ. ಇಂಟೆಲ್ಲೇ ಬೇಕಾ? ಐ5-12400 ಇದೆ. ಹೆಸರಿನ ಕೊನೆಗೆ "ಎಫ್" ಇರೋದು ಬೇಡ, ಅದರಲ್ಲಿ ಗ್ರಾಫಿಕ್ಸ್ ಇರಲ್ಲ.

ಮದುವೆ ವಿಡಿಯೋ ಎಡಿಟ್ ಮಾಡುವ ಗೆಳೆಯರಿಗೂ ಇದನ್ನೇ ಹೇಳುತ್ತೇನೆ. ರೆಂಡರಿಂಗ್‌ಗೆ ಜಿಯಾನ್ ಬೆಸ್ಟ್ ಅಂತ ನೀವೂ ಅದನ್ನೇ ತಗೊಳ್ಳುತ್ತೀರಿ, ಆಮೇಲೆ ಟೈಮ್‌ಲೈನ್ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನನಗೆ ಫೋನ್ ಮಾಡುತ್ತೀರಿ. ಎಫ್ ಇಲ್ಲದ 12400ರ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅಂತ ಒಂದಿದೆ. ಕ್ಯಾಮೆರಾದ ವಿಡಿಯೋ ಬಿಚ್ಚುವ ಕೆಲಸವನ್ನು ಅದು ಪ್ರತ್ಯೇಕವಾಗಿ ಮಾಡಿಕೊಡುತ್ತದೆ. ಜಿಯಾನ್‌ನಲ್ಲಿ ಅದಿಲ್ಲ. ಬರೀ ರೆಂಡರಿಂಗ್ ಲೆಕ್ಕ ತಗೊಂಡರೂ ಆ 14ರ ಎದುರು ಈ 6 ತುಂಬ ಹಿಂದೆ ಬೀಳುವುದಿಲ್ಲ.

ಹಾಗಂತ ಜಿಯಾನ್ ಕಂಡರೆ ನನಗೆ ಆಗಲ್ಲ ಅಂತ ತಿಳಿಯಬೇಡಿ. ಹೇಳಿಬಿಡುತ್ತೇನೆ, ನಮ್ಮನೆ ಅಟ್ಟದಲ್ಲೇ ಒಂದು ಜಿಯಾನ್ ಇದೆ. ನನಗೆ ಅದರ ಮೇಲೆ ಮನೆಯವರಿಗೆ ಹೊಟ್ಟೆ ಉರಿಯುವಷ್ಟು ಪ್ರೀತಿ. ಅಜ್ಜನ ಕಾಲದ ತೋಟದ ಕಾಗದಗಳ ಸ್ಕ್ಯಾನ್, ಮಕ್ಕಳ ಫೋಟೋ, ನನ್ನ ಕೆಲಸದ ಏಳೆಂಟು ವರ್ಚುವಲ್ ಮಷೀನ್ (ಒಂದೇ ಯಂತ್ರದೊಳಗೆ ನಡೆಯುವ ಬೇರೆ ಬೇರೆ ಕಂಪ್ಯೂಟರು) ಎಲ್ಲ ಅದರಲ್ಲೇ. ಅದು ಹುಟ್ಟಿದ್ದೇ ಇಂಥ ಕೆಲಸಕ್ಕೆ. ರ‍್ಯಾಮಿಗೆ ನಾಲ್ಕು ಚಾನೆಲ್, ಕಾರ್ಡು ಡಿಸ್ಕುಗಳಿಗೆ 40 ಪಿಸಿಐ ಲೇನ್ (ಡೇಟಾ ಓಡಾಡುವ ದಾರಿ), ಮತ್ತೆ ಮೆಮೊರಿಯ ತಪ್ಪು ತಿದ್ದುವ ಇಸಿಸಿ. ಈ ಇಸಿಸಿ ಅನ್ನೋದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ. ಹೇಳಬೇಕಾದದ್ದು ಅದನ್ನೇ. ಸಾಮಾನ್ಯ ರ‍್ಯಾಮಿನಲ್ಲಿ 64 ಬಿಟ್ ಡೇಟಾ ಹೋಗಿ ಬರುವ ಕಡೆ ಇಸಿಸಿಯಲ್ಲಿ 72 ಬಿಟ್. ಜಾಸ್ತಿ ಇರುವ ಆ 8 ಬಿಟ್ ಲೆಕ್ಕ ತಾಳೆ ನೋಡೋಕೆ. ಒಂದು ಬಿಟ್ ಉಲ್ಟಾ ಆದರೆ ತಾನೇ ಸರಿ ಮಾಡುತ್ತದೆ, ಎರಡು ಆದರೆ ತಪ್ಪಾಗಿದೆ ಅಂತ ಕೂಗುತ್ತದೆ. ಆಟದಲ್ಲಿ ಒಂದು ಬಿಟ್ ತಪ್ಪಿದರೆ ಬಹಳ ಸಲ ಎಲ್ಲೋ ಒಂದು ಚುಕ್ಕಿ ಬಣ್ಣ ಬದಲಾಗುತ್ತದೆ, ಯಾರಿಗೂ ಗೊತ್ತೂ ಆಗಲ್ಲ. ಸಾಲದ ಖಾತೆಯಲ್ಲಿ ತಪ್ಪಿದರೆ?

ಕೇಳಿದೆ ಅಂತ ಹೇಳುತ್ತಿದ್ದೇನೆ. ನಮ್ಮ ಕಡೆಯ ಒಂದು ಸಹಕಾರ ಸಂಘದಲ್ಲಿ (ಹೆಸರು ಬೇಡ, ಸದಸ್ಯರು ಇಲ್ಲೇ ಓದುತ್ತಿದ್ದಾರೆ) ರೈತರ ಲೆಕ್ಕವೆಲ್ಲ ಇರುವ ಕಂಪ್ಯೂಟರ್ ಯಾವುದು ಗೊತ್ತಾ? ನೀರಿನ ಕೂಲರ್ ಇರುವ, ನೇರಳೆ ಲೈಟ್ ಹೊಡೆಯುವ ಗೇಮಿಂಗ್ ಪಿಸಿ. "ಒಳ್ಳೆ ಸ್ಪೀಡ್ ಇದೆ ಸರ್" ಅಂದರು ಕಾರ್ಯದರ್ಶಿ. ಇಸಿಸಿ ಇಲ್ಲ, ಬ್ಯಾಕಪ್ ಒಂದು ಪೆನ್ ಡ್ರೈವ್. ಅಲ್ಲಿಗೆ ಬೇಕಾದ ಜಿಯಾನ್ ಹಾಸ್ಟೆಲ್ ಹುಡುಗನ ಮೇಜಿಗೆ ಹೋಗುತ್ತಿದೆ, ಹುಡುಗನಿಗೆ ಬೇಕಾದದ್ದು ಸಂಘದಲ್ಲಿ ಮಿನುಗುತ್ತಿದೆ. ಯಾರಿಗೆ ಹೇಳೋದು?

ಸರ್ವರ್, ಡೆಸ್ಕ್‌ಟಾಪ್ ಅಂತ ಎರಡು ಜಾತಿ ಮಾಡಿದ್ದೂ ಪೂರ್ತಿ ಸರಿಯಲ್ಲ, ಅದನ್ನೂ ಒಪ್ಪುತ್ತೇನೆ. ಆಟಕ್ಕೆ ಅಂತ ಹುಡುಗರು ಬಾಯಿ ಬಿಡುವ ರೈಜನ್ 7 5800ಎಕ್ಸ್3ಡಿ ಇದೆಯಲ್ಲ, 96 ಎಂಬಿ ಕ್ಯಾಶ್ (ಪ್ರೊಸೆಸರಿನೊಳಗಿನ ಚಿಕ್ಕ, ವೇಗದ ಮೆಮೊರಿ) ಇರೋದು, ಆ ಪದರ ಪದರದ ಕ್ಯಾಶನ್ನು ಎಎಂಡಿಯವರು ತಮ್ಮ ಎಪಿಕ್ ಸರ್ವರ್ ಚಿಪ್ಪಿಗೂ ಹಾಕಿದ್ದರು. ಎರಡೂ ಬಂದದ್ದು 2022ರಲ್ಲಿ, ಸರ್ವರಿನದ್ದು ಮಾರ್ಚಿಗೆ, ಆಟದ್ದು ಏಪ್ರಿಲಿಗೆ. 2024ರಲ್ಲಿ ಬಂದ ಎಪಿಕ್ 4004 ಅಂತೂ ರೈಜನ್ ಕೂರುವ ಎಎಂ5 ಸಾಕೆಟ್ಟಿನಲ್ಲೇ ಕೂರುತ್ತದೆ. ಮೇಲಿನ ಹೆಸರು ನೋಡಿದರೆ ಏನೂ ಗೊತ್ತಾಗಲ್ಲ. ಯಾವ ವರ್ಷದ್ದು, ಒಂದೊಂದು ಕೋರ್ ಎಷ್ಟು ಚುರುಕು, ಯಾವ ಬೋರ್ಡ್, ಯಾವ ರ‍್ಯಾಮ್ ಅಂತ ನೋಡಬೇಕು. ಅಂಗಡಿಯಲ್ಲಿ ಮಾತ್ರ ಒಂದೇ ಪ್ರಶ್ನೆ, ಒಂದೇ ಉತ್ತರ. "ಎಷ್ಟು ಕೋರ್?" "14!"

ಇನ್ನು ಕರೆಂಟು. ಶರಾವತಿಯ 1035 ಮೆಗಾವ್ಯಾಟ್ ನಮ್ಮ ಗುಡ್ಡದಿಂದಲೇ ಹೋಗುತ್ತದೆ, ಆದರೆ ಜೂನಿನಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ನಮ್ಮನೆ ಕತ್ತಲೆ. ಅಂಗಡಿಯವರು ಜೊತೆಗೆ ಕೊಡುವ 600 ವಿಎ ಯುಪಿಎಸ್ ಹೆಚ್ಚು ಅಂದರೆ 360 ವ್ಯಾಟ್ ಎಳೆಯುತ್ತದೆ. ಜಿಯಾನ್ ಜೊತೆ ನಿಜವಾದ ಗೇಮಿಂಗ್ ಕಾರ್ಡ್ ಹಾಕಿ ಆಟ ಆಡುತ್ತಾ ಕರೆಂಟ್ ಹೋಗಲಿ, ಆ ಯುಪಿಎಸ್ ಕೀಂ ಅಂತ ಒಂದು ಸಲ ಕೂಗಿ ಮಲಗುತ್ತದೆ. ಮತ್ತೆ ಕರೆಂಟ್ ಬಂದಾಗ ಎಕ್ಸ್99 ಬೋರ್ಡ್ ಎದ್ದು ರ‍್ಯಾಮ್ ಎಲ್ಲ ನೋಡಿಕೊಂಡು ವಿಂಡೋಸ್ ತೋರಿಸುವಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದು. ಮಳೆಗಾಲದ ಥಂಡಿಗೆ ಆ ಬೋರ್ಡ್ ಹೋದರೆ ಇಡೀ ಊರಲ್ಲಿ ಇನ್ನೊಂದು ಸಿಗಲ್ಲ. ಡೆಸ್ಕ್‌ಟಾಪ್ ಬೋರ್ಡ್ ಆದರೆ ಎಲ್ಲಾದರೂ ಸಿಗುತ್ತದೆ. ಆಗ ಆ ಜಿಯಾನಿನ ಇಸಿಸಿ ರ‍್ಯಾಮನ್ನು ಅದಕ್ಕೆ ಹಾಕೋಣ ಅಂದುಕೊಳ್ಳಬೇಡಿ. ಅದು ಹೆಚ್ಚಾಗಿ ಸರ್ವರಿಗೇ ಮಾಡಿದ ರಿಜಿಸ್ಟರ್ಡ್ ಮಾದರಿಯದು. ಆ ರ‍್ಯಾಮ್ ಅಲ್ಲಿ ಎದ್ದೇಳುವುದೇ ಇಲ್ಲ.

ಇಷ್ಟು ಓದಿಯೂ ಜಿಯಾನೇ ಬೇಕು ಅನ್ನುವವರಿಗೆ ನನ್ನದು ಒಂದೇ ವಿನಂತಿ. ಬಿಲ್ಲಿನಲ್ಲಿ "ಜಿಯಾನ್ ಗೇಮಿಂಗ್ ಸಿಸ್ಟಮ್, 1" ಅಂತ ಬರೆದು ಕೊಟ್ಟರೆ ದುಡ್ಡು ಕೊಡಬೇಡಿ. ಪ್ರೊಸೆಸರಿನ ಪೂರ್ತಿ ನಂಬರು, ಬೋರ್ಡಿನ ಹೆಸರು, ಹೊಸದೋ ಹಳೆಯದೋ, ವಾರಂಟಿ ಯಾರದ್ದು, ಎಷ್ಟು ತಿಂಗಳು, ಎಲ್ಲವನ್ನೂ ಬರೆಸಿಕೊಳ್ಳಿ. ನಿಮ್ಮ ಆಟವನ್ನು ಅಂಗಡಿಯಲ್ಲೇ ಹಾಕಿಸಿ ಅರ್ಧ ಗಂಟೆ ಆಡಿ ನೋಡಿ. ಬರೆಯೋಕೆ ಅವನು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ, ಗೋಪಿ ಸರ್ಕಲ್‌ಗೆ ಹೋಗಿ ಕಾಫಿ ಕುಡಿಯಿರಿ.