ಬೆಕ್ಕು ಹುಡುಕಲು ಹೋದವನು

ಟೀವಿ ಮುಂದೆ ಕೂತಾಗ ನಾನು ಕತೆ ನೋಡುತ್ತೇನೆ, ನನ್ನ ಹೆಂಡತಿ ಮುಖ ನೋಡುತ್ತಾಳೆ. ಮದುವೆಮನೆಯಲ್ಲಿ ನಾಲ್ಕು ಪಂಕ್ತಿ ಆಚೆ ಊಟಕ್ಕೆ ಕೂತವರನ್ನು ನೋಡಿ ‘ಇವರು ನಮ್ಮ ಚಿಕ್ಕಮ್ಮನ ಓರಗಿತ್ತಿಯ ತಮ್ಮ ಅಲ್ವಾ’ ಎಂದು ಗುರುತಿಸುವ ಕಣ್ಣು ಅದು. ಸಿನಿಮಾ ಇಂಗ್ಲಿಷಿನದಾದ ಮಾತ್ರಕ್ಕೆ ಅದೇನೂ ರಜೆ ಹಾಕುವುದಿಲ್ಲ.

ಒಂದು ರಾತ್ರಿ ಡೇವಿಡ್ ಲಿಂಚ್‌ನ ‘ದಿ ಸ್ಟ್ರೇಟ್ ಸ್ಟೋರಿ’ ನೋಡುತ್ತಿದ್ದೆವು. ಅಮೆರಿಕದ ಐಯೋವಾದ ಮುದುಕನೊಬ್ಬ, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣನಿಗೆ ಪಾರ್ಶ್ವವಾಯು ಬಡಿದಿದೆ ಎಂದು ತಿಳಿದು ಹೊರಡುತ್ತಾನೆ. ಕಣ್ಣು ಮಂಜು, ಕಾರು ಓಡಿಸುವ ಲೈಸೆನ್ಸ್ ಇಲ್ಲ. ಹುಲ್ಲು ಕತ್ತರಿಸುವ ಯಂತ್ರವನ್ನೇ ಏರಿಕೊಂಡು, ಹಿಂದೆ ಒಂದು ಗಾಡಿ ಕಟ್ಟಿಕೊಂಡು, ವಿಸ್ಕಾನ್ಸಿನ್‌ವರೆಗೆ ಹೋಗುತ್ತಾನೆ. 1994ರಲ್ಲಿ ಆಲ್ವಿನ್ ಸ್ಟ್ರೇಟ್ ಎಂಬಾತ ನಿಜವಾಗಿಯೂ ಹೀಗೆ ಹೋಗಿದ್ದನಂತೆ. ಎತ್ತಿನ ಗಾಡಿಗಿಂತ ನಿಧಾನವಾದ ಆ ಯಂತ್ರದ ಜೊತೆ ಸಿನಿಮಾವೂ ನಿಧಾನ. ಹೆಂಡತಿ ಎರಡು ಸಲ ಆಕಳಿಸಿ, ಒಂದು ಸಲ ನಾಳೆಯ ದೋಸೆಹಿಟ್ಟು ನೋಡಿಕೊಂಡು ಬಂದಳು. ಇನ್ನೇನು ಮುಗಿಯಿತು ಎನ್ನುವಾಗ ಮುರುಕು ಮನೆಯ ಜಗಲಿಗೆ ವಾಕರ್ ಹಿಡಿದ ಅಣ್ಣ ಬಂದ. ಬಂದನೋ ಇಲ್ಲವೋ, ಇವಳು ನೆಟ್ಟಗೆ ಕೂತಳು.

“ರೀ, ಇವನು ಆ ಬೆಕ್ಕು ಹುಡುಕ್ಕೊಂಡು ಹೋಗಿ ಸತ್ತವನಲ್ವಾ?”

ಹೌದು, ಅವನೇ. ಅಂತರಿಕ್ಷದ ಹಡಗಿನೊಳಗೆ ರಾಕ್ಷಸ ಜೀವಿಯೊಂದು ಸೇರಿಕೊಳ್ಳುವ ‘ಏಲಿಯನ್’ ಸಿನಿಮಾ ಬಂದದ್ದು 1979ರಲ್ಲಿ, ಇದು 1999ರದ್ದು. ಇಪ್ಪತ್ತು ವರ್ಷದ ಆಚೆಯಿಂದ ಆ ಮುಖವನ್ನು ಅವಳು ಹಿಡಿದು ತಂದಿದ್ದಳು. ‘ಹ್ಯಾರಿ ಡೀನ್ ಸ್ಟಾಂಟನ್ ಅಂತ ಅವನ ಹೆಸರು’ ಎಂದೆ. ‘ಅಷ್ಟುದ್ದ ಎಲ್ಲಿ ನೆನಪಿಟ್ಕೊಳ್ಳೋದು, ಬೆಕ್ಕಿನವನು ಅಂದ್ರೆ ಸಾಕು’ ಎಂದಳು.

ಇಂಥವರಿಗೆ ನಮ್ಮಲ್ಲಿ ‘ಪೋಷಕ ನಟ’ ಎನ್ನುತ್ತೇವೆ. ಯಾರು ಹುಟ್ಟಿಸಿದ ಪದವೋ, ಅವರಿಗೊಂದು ನಮಸ್ಕಾರ. ಪೋಷಿಸುವವನು ಎಂದರೆ ಬಡಿಸುವವನು. ತಾನು ಊಟಕ್ಕೆ ಕೂರುವುದು ಕೊನೆಯ ಪಂಕ್ತಿಯಲ್ಲಿ. ಸ್ಟಾಂಟನ್ ವಿಷಯದಲ್ಲಿ ಇದು ಬರೀ ಮಾತಲ್ಲ. ಎರಡನೇ ಮಹಾಯುದ್ಧದಲ್ಲಿ ಆತ ಅಮೆರಿಕದ ನೌಕಾಪಡೆ ಸೇರಿ, ಟ್ಯಾಂಕುಗಳನ್ನು ದಡಕ್ಕಿಳಿಸುವ ಹಡಗೊಂದರಲ್ಲಿ ಅಡುಗೆಯವನಾಗಿದ್ದ. 1945ರ ಒಕಿನಾವಾ ಕದನದಲ್ಲಿ, ಜಪಾನಿನ ವಿಮಾನಗಳು ಹಡಗುಗಳ ಮೇಲೆ ಬಂದು ಬೀಳುತ್ತಿದ್ದಾಗ, ಹುಡುಗನ ಕೈಯಲ್ಲಿ ಸೌಟು.

ಹುಟ್ಟಿದ್ದು 1926ರಲ್ಲಿ, ಕೆಂಟಕಿಯ ವೆಸ್ಟ್ ಅರ್ವಿನ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದ, ಜೊತೆಗೆ ಕ್ಷೌರದ ಕಸುಬು. ಅಮ್ಮನೂ ಹೆಂಗಸರ ಕೂದಲು ತಿದ್ದುವವಳೇ. ಮನೆಯಲ್ಲಿ ಇಬ್ಬಿಬ್ಬರು ಕತ್ತರಿ ಹಿಡಿದವರಿದ್ದೂ ಮಗ ಜೀವಮಾನವಿಡೀ ಬಾಚಣಿಗೆ ಕಾಣದ ತಲೆಯಲ್ಲಿ ಓಡಾಡಿದ. ಹೊಗೆಸೊಪ್ಪನ್ನು ಮಾತ್ರ ಮರೆಯಲಿಲ್ಲ, ಕೊನೆಯವರೆಗೂ ಸಿಗರೇಟು ಸೇದಿದ. ಯುದ್ಧ ಮುಗಿಸಿ ಬಂದು ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಓದುವಾಗ ‘ಪಿಗ್ಮೇಲಿಯನ್’ ನಾಟಕದಲ್ಲಿ ಪಾತ್ರ ಸಿಕ್ಕಿತು, ಓದು ಅಲ್ಲಿಗೆ ನಿಂತಿತು. ಕ್ಯಾಲಿಫೋರ್ನಿಯಾದ ಪಾಸಡೀನಾ ಪ್ಲೇಹೌಸಿನಲ್ಲಿ ನಟನೆ ಕಲಿತು ಕೌಬಾಯ್ ಧಾರಾವಾಹಿಗಳಿಗೆ ಸೇರಿಕೊಂಡ. ಕುದುರೆ, ಧೂಳು, ಗುಂಡು. ಇವನ ಕೆಲಸ ಸಾಮಾನ್ಯವಾಗಿ ಗುಂಡು ತಿನ್ನುವುದು.

ಹೆಸರಿನ ವಿಷಯದಲ್ಲಂತೂ ಮೊದಲಿನಿಂದಲೂ ಕೊರತೆಯೇ. ಹ್ಯಾರಿ ಸ್ಟಾಂಟನ್ ಎಂಬ ಇನ್ನೊಬ್ಬ ನಟ ಆಗಲೇ ಇದ್ದುದರಿಂದ ಇವನು ಎಷ್ಟೋ ವರ್ಷ ಬರೀ ‘ಡೀನ್ ಸ್ಟಾಂಟನ್’. ಇದ್ದ ಹೆಸರಲ್ಲೂ ಮೂರರಲ್ಲಿ ಒಂದು ಪಾಲು ಬೇರೆಯವರಿಗೆ ಬಿಟ್ಟುಕೊಟ್ಟವನು!

ಅವನ ನಟನೆಯ ಗುಟ್ಟು ಎಂದು ಹೇಳುವ ಒಂದು ಪ್ರಸಂಗವಿದೆ. ಹಾಲಿವುಡ್ ನಟ ಜ್ಯಾಕ್ ನಿಕಲ್ಸನ್ ಇವನ ಗೆಳೆಯ, ಕೆಲಕಾಲ ಒಂದೇ ಮನೆಯಲ್ಲಿ ಬಾಡಿಗೆಗಿದ್ದವರು, ನಿಕಲ್ಸನ್ ಮದುವೆಯಲ್ಲಿ ವರನ ಪಕ್ಕ ನಿಂತವನೂ ಇವನೇ. ಅರವತ್ತರ ದಶಕದ ನಡುವೆ ನಿಕಲ್ಸನ್ ತಾನೇ ಬರೆದ ಕೌಬಾಯ್ ಚಿತ್ರವೊಂದರಲ್ಲಿ ಇವನಿಗೆ ಪಾತ್ರ ಕೊಟ್ಟು ಹೇಳಿದನಂತೆ: ನೀನೇನೂ ಮಾಡಬೇಡ, ನೀನು ನೀನಾಗಿರು, ನಟನೆಯನ್ನು ನೀನು ತೊಟ್ಟ ಬಟ್ಟೆಯೇ ನೋಡಿಕೊಳ್ಳಲಿ. ಇದನ್ನು ಸ್ಟಾಂಟನ್ ಗುರುಮಂತ್ರದ ಹಾಗೆ ಜಪಿಸಿದ. ಆದರೆ ‘ಏನೂ ಮಾಡಬೇಡ’ ಎನ್ನುವುದು ಕೇಳಲಷ್ಟೇ ಸುಲಭ. ಫೋಟೋದವನು ‘ಸುಮ್ಮನೆ ಸಹಜವಾಗಿರಿ ಸಾರ್’ ಎಂದ ಕೂಡಲೇ ನನ್ನ ಎರಡು ಕೈಗಳೂ ಯಾರದೋ ಕೈಗಳಾಗುತ್ತವೆ.

ಬೆಕ್ಕಿನ ಪ್ರಸಂಗಕ್ಕೇ ಬರೋಣ. ‘ಏಲಿಯನ್’ನಲ್ಲಿ ಅವನದು ಬ್ರೆಟ್ ಎಂಬ ಮೆಕ್ಯಾನಿಕ್ ಪಾತ್ರ. ಯಾರು ಏನು ಹೇಳಿದರೂ ‘ರೈಟ್’ ಎನ್ನುವುದೇ ಅವನ ಸಂಭಾಷಣೆ. ಒಳ್ಳೇ ಗಿಣಿ ಕಣಯ್ಯ ನೀನು ಎನ್ನುವ ಅರ್ಥದಲ್ಲಿ ನಾಯಕಿ ಛೇಡಿಸುತ್ತಾಳೆ. ಅದಕ್ಕೂ ‘ರೈಟ್’. ನಮ್ಮ ಬಸ್ ಕಂಡಕ್ಟರುಗಳನ್ನು ಬಿಟ್ಟರೆ ಈ ಪದವನ್ನು ಇಷ್ಟು ದುಡಿಸಿಕೊಂಡವರನ್ನು ನಾನು ಕಂಡಿಲ್ಲ. ಆಮೇಲೆ ಹಡಗಿನ ಬೆಕ್ಕು ತಪ್ಪಿಸಿಕೊಳ್ಳುತ್ತದೆ, ಹಿಡಿದು ತರಲು ಇವನನ್ನು ಕಳಿಸುತ್ತಾರೆ. ಸೂರಿನಿಂದ ಸರಪಳಿಗಳು ಜೋಲಾಡುವ ಒಂದು ಕೋಣೆ. ಮೇಲಿಂದ ನೀರು ತೊಟ್ಟಿಕ್ಕುತ್ತಿದೆ. ಬೆಕ್ಕನ್ನು ಕರೆಯುತ್ತ ಬಂದವನು ಆ ನೀರಿನ ಕೆಳಗೆ ತಲೆಯೆತ್ತಿ ನಿಂತುಬಿಡುತ್ತಾನೆ, ಹನಿಗಳು ಟೋಪಿಯ ಮೇಲೆ, ಮುಖದ ಮೇಲೆ ಬೀಳುತ್ತಿರುತ್ತವೆ. ಸೆಖೆಯಲ್ಲಿ ದುಡಿದು ಬೆವೆತವನು ನಲ್ಲಿ ಕಂಡರೆ ಹೇಗೆ ನಿಲ್ಲುತ್ತಾನೋ ಹಾಗೆ. ಕತೆಗೆ ಆ ಕ್ಷಣದ ಅಗತ್ಯವೇ ಇಲ್ಲ. ಅವನ ಹಿಂದೆ ಏನು ಇಳಿದು ಬರುತ್ತಿದೆ ಎಂದು ನಮಗೆ ಗೊತ್ತು. ಅವನಿಗೆ ಮಾತ್ರ ತಣ್ಣಗಿನ ನೀರಿನ ಸುಖ. ಈ ಪಾತ್ರಕ್ಕೆ ಕರೆದಾಗ ತನಗೆ ವೈಜ್ಞಾನಿಕ ಚಿತ್ರ, ರಾಕ್ಷಸರ ಚಿತ್ರ ಇಷ್ಟವಿಲ್ಲ ಎಂದು ಆತ ನಿರ್ದೇಶಕ ರಿಡ್ಲಿ ಸ್ಕಾಟ್‌ಗೆ ಮುಖದ ಮೇಲೆ ಹೇಳಿದ್ದನಂತೆ.

ರೋಜರ್ ಈಬರ್ಟ್ ಎಂಬ ಪ್ರಸಿದ್ಧ ವಿಮರ್ಶಕ ಇಂಥವರಿಗಾಗಿ ಒಂದು ನಿಯಮವನ್ನೇ ಮಾಡಿದ್ದ. ಹ್ಯಾರಿ ಡೀನ್ ಸ್ಟಾಂಟನ್ ಅಥವಾ ಎಂ. ಎಮೆಟ್ ವಾಲ್ಷ್, ಇಬ್ಬರಲ್ಲಿ ಒಬ್ಬರು ಪೋಷಕ ಪಾತ್ರದಲ್ಲಿದ್ದರೆ ಆ ಚಿತ್ರ ಪೂರ್ತಿ ಕೆಟ್ಟದಾಗಿರಲು ಸಾಧ್ಯವಿಲ್ಲ. ಎಲೆಯ ತುದಿಯಲ್ಲಿ ಒಳ್ಳೆಯ ಮಿಡಿ ಉಪ್ಪಿನಕಾಯಿ ಇದ್ದರೆ ಊಟ ಪೂರ್ತಿ ಕೆಡುವುದಿಲ್ಲ ಎಂದ ಹಾಗೆ. ಕೆಲವು ವರ್ಷಗಳ ಮೇಲೆ, 1989ರ ಒಂದು ಚಿತ್ರ ನೋಡಿ, ನಿಯಮ ಮುರಿಯಿತು ಎಂದು ಈಬರ್ಟ್ ತಾನೇ ಒಪ್ಪಿಕೊಂಡ. ಸಾರು ತಳ ಹಿಡಿದರೆ ಉಪ್ಪಿನಕಾಯಿಯಾದರೂ ಏನು ಮಾಡೀತು?

ಉಪ್ಪಿನಕಾಯಿಗೂ ಒಂದು ದಿನ ತಾನೇ ಊಟವಾಗಬೇಕು ಎನ್ನಿಸಿತು. ಸಾಂತಾ ಫೆಯ ಒಂದು ಬಾರಿನಲ್ಲಿ ನಾಟಕಕಾರ ಸ್ಯಾಮ್ ಶೆಪರ್ಡ್ ಸಿಕ್ಕಾಗ, ಇಂಥ ಪಾತ್ರಗಳೇ ಮಾಡಿ ಸಾಕಾಗಿದೆ, ಸ್ವಲ್ಪ ಸೌಂದರ್ಯ, ಸ್ವಲ್ಪ ಆರ್ದ್ರತೆ ಇರುವಂಥದ್ದು ಏನಾದರೂ ಮಾಡಬೇಕು ಎಂದು ಹೇಳಿಕೊಂಡನಂತೆ. ಬಾರಿನಲ್ಲಿ ಆಡಿದ ಮಾತು ಬೆಳಗ್ಗೆಯವರೆಗೆ ಉಳಿಯುವುದೇ ಅಪರೂಪ, ಇದು ಉಳಿಯಿತು. ಶೆಪರ್ಡ್ ಬರೆದು ಜರ್ಮನಿಯ ವಿಮ್ ವೆಂಡರ್ಸ್ ನಿರ್ದೇಶಿಸಿದ ‘ಪ್ಯಾರಿಸ್, ಟೆಕ್ಸಸ್’ ಚಿತ್ರಕ್ಕೆ ಸ್ಟಾಂಟನ್ ನಾಯಕನಾದ. 1984ರಲ್ಲಿ ಚಿತ್ರ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ವರ್ಷ ಅವನಿಗೆ 58 ತುಂಬಿತು. ನಮ್ಮಲ್ಲಿ ಒಂದು ಕಾಲಕ್ಕೆ ಆ ವಯಸ್ಸಿಗೆ ಶಾಲು ಹೊದಿಸಿ, ಹಾರ ಹಾಕಿ, ಆಫೀಸಿನಿಂದ ಮನೆಗೆ ಕಳಿಸುತ್ತಿದ್ದರು.

ನಾಯಕನೇನೋ ಆದ, ಮಾತೇ ಇಲ್ಲ! ತಲೆಗೆ ಕೆಂಪು ಟೋಪಿ, ಧೂಳು ಮೆತ್ತಿದ ಕೋಟು. ಟೆಕ್ಸಸ್ಸಿನ ಮರುಭೂಮಿಯಲ್ಲಿ ನಡೆದು ಬರುವವನು ಮೊದಲ ಇಪ್ಪತ್ತೈದು ನಿಮಿಷ ತುಟಿ ಬಿಚ್ಚುವುದಿಲ್ಲ. ಆಡದೆ ಉಳಿಸಿಟ್ಟ ಮಾತನ್ನೆಲ್ಲ ಕೊನೆಗೆ ಒಂದು ಸಣ್ಣ ಗೂಡಿನಲ್ಲಿ ಸುರಿಯುತ್ತಾನೆ. ನಡುವೆ ಗಾಜು. ಇವನಿಗೆ ಆಚೆ ಕೂತ ಹೆಂಡತಿ ಕಾಣುತ್ತಾಳೆ, ಅವಳಿಗೆ ಇವನು ಕಾಣುವುದಿಲ್ಲ. ಮಾತಾಡಲು ಫೋನು. ನೋಡುವ ಅವಕಾಶ ತನಗೊಬ್ಬನಿಗೇ ಇದ್ದೂ, ಕುರ್ಚಿ ತಿರುಗಿಸಿ ಅವಳಿಗೆ ಬೆನ್ನು ಮಾಡಿ ಕೂರುತ್ತಾನೆ. ಒಬ್ಬ ಗಂಡಸು, ಒಬ್ಬಳು ಹುಡುಗಿ ಎಂದು ಯಾರದೋ ಕತೆಯ ಹಾಗೆ ಶುರುಮಾಡುತ್ತಾನೆ. ಹೇಳುತ್ತ ಹೇಳುತ್ತ ಅದು ತಮ್ಮದೇ ಕತೆ ಎಂದು ಅವಳಿಗೆ ಗೊತ್ತಾಗುವುದನ್ನು ನಾವು ನೋಡುತ್ತೇವೆ, ಅವನು ನೋಡುವುದಿಲ್ಲ. ದನಿ ಎಲ್ಲೂ ಏರುವುದಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಪಕ್ಕದವನಿಗೆ ಕಷ್ಟಸುಖ ಹೇಳಿಕೊಳ್ಳುವ ದನಿ ಅದು. ಆ ಬೆನ್ನಿನ ಮುಂದೆ ಎಷ್ಟೋ ನಾಯಕರ ಕಣ್ಣೀರು ನನಗೆ ಸಪ್ಪೆ.

ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ಸಂಭಾವನೆ ಏರಿಸಿ, ನಾಯಕನಲ್ಲದ ಪಾತ್ರ ಒಲ್ಲೆ ಎನ್ನುತ್ತಿದ್ದರೇನೋ. ಇವನು ಎರಡು ವರ್ಷದಲ್ಲಿ ಹದಿಹರೆಯದವರ ಪ್ರೇಮಕತೆಯೊಂದರಲ್ಲಿ ಹುಡುಗಿಯ ಅಪ್ಪನಾಗಿ, ಕೆಲಸವಿಲ್ಲದೆ ಮಂಕಾಗಿ ಕೂತಿದ್ದ. ಆಮೇಲೆ ಬೈಬಲ್ಲಿನ ಪೌಲ, ಜೈಲಿನ ಮುದುಕ, ಪಂಥವೊಂದರ ಕಪಟಿ ಗುರು. ಬಿಡುವಿದ್ದಾಗ ಲಾಸ್ ಏಂಜಲೀಸ್‌ನ ಬಾರುಗಳಲ್ಲಿ ಮೌತ್ ಆರ್ಗನ್ ಊದಿ ಮೆಕ್ಸಿಕನ್ ಹಾಡು ಹಾಡುತ್ತಿದ್ದ. ಮದುವೆಯಾಗಲಿಲ್ಲ.

ಮತ್ತೊಮ್ಮೆ ನಾಯಕನಾಗುವಾಗ ವಯಸ್ಸು ತೊಂಬತ್ತರ ಅಂಚು. ‘ಲಕ್ಕಿ’ ಚಿತ್ರದ ಮುದುಕನೂ ನೌಕಾಪಡೆಯಲ್ಲಿ ಅಡುಗೆ ಮಾಡಿದವನೇ, ಅವನದೂ ಒಂಟಿ ಮನೆ, ಬೆರಳ ಸಂದಿಯಲ್ಲಿ ಸಿಗರೇಟು. ನಿರ್ದೇಶಿಸಿದ ಜಾನ್ ಕ್ಯಾರೊಲ್ ಲಿಂಚ್ ಕೂಡ ಪೋಷಕ ನಟ, ಎಂದರೆ ಬಡಿಸುವವರೇ ಸೇರಿ ತಮ್ಮವನೊಬ್ಬನನ್ನು ಎಲೆಯ ಮುಂದೆ ಕೂರಿಸಿದ ಹಾಗೆ. ಅದರಲ್ಲಿ ಪುಟ್ಟ ಹುಡುಗನ ಹುಟ್ಟುಹಬ್ಬಕ್ಕೆ ಹೋದ ಮುದುಕ ಇದ್ದಕ್ಕಿದ್ದಂತೆ ಸ್ಪ್ಯಾನಿಷ್ ಹಾಡೊಂದನ್ನು ಎತ್ತಿಕೊಳ್ಳುತ್ತಾನೆ. ಒಣಗಿದ ಗಂಟಲು. ಅಲ್ಲಿದ್ದ ವಾದ್ಯದವರು ಒಂದು ಸಾಲು ಸುಮ್ಮನೆ ಕೇಳಿ, ಆಮೇಲೆ ಮೆಲ್ಲಗೆ ಜೊತೆಗೂಡುತ್ತಾರೆ. 2017ರ ಸೆಪ್ಟೆಂಬರ್ 15ರಂದು, 91ರ ವಯಸ್ಸಿನಲ್ಲಿ ಸ್ಟಾಂಟನ್ ತೀರಿಕೊಂಡ. ಅದಾದ ಎರಡು ವಾರಕ್ಕೆ ಚಿತ್ರ ಅಮೆರಿಕದಲ್ಲಿ ತೆರೆಕಂಡಿತು.

ಹೋದ ತಿಂಗಳು ಮಗ ‘ದಿ ಅವೆಂಜರ್ಸ್’ ಹಾಕಿಕೊಂಡು ಕೂತಿದ್ದ. 2012ರ ಚಿತ್ರ, ಅವನಿಗೆ ಬಾಯಿಪಾಠ. ಹಸಿರು ದೈತ್ಯ ಹಲ್ಕ್ ಆಕಾಶದಿಂದ ಹಳೇ ಗೋದಾಮಿನ ಸೂರು ಒಡೆದುಕೊಂಡು ಬಿದ್ದು, ಮತ್ತೆ ಮನುಷ್ಯನಾಗಿ, ಮೈಮೇಲೆ ನೂಲೆಳೆಯಿಲ್ಲದೆ ಎದ್ದು ಕೂರುತ್ತಾನೆ. ಎದುರಿಗೆ ಒಬ್ಬ ಮುದಿ ಕಾವಲುಗಾರ, ತಲೆ ಎಂದಿನಂತೆ ಬಾಚಿಲ್ಲ. ನೀನು ಏಲಿಯನ್ನೇನಪ್ಪ ಎಂದು ಶಾಂತವಾಗಿ ವಿಚಾರಿಸುತ್ತಾನೆ. ಅಲ್ಲ ಎಂದಾಗ, ಹಾಗಾದರೆ ನಿನಗೇನೋ ಕಾಯಿಲೆ ಇರಬೇಕು ಮಗನೇ ಎನ್ನುತ್ತಾನೆ. ಹಾಕಿಕೊಳ್ಳಲು ಒಂದು ಪ್ಯಾಂಟನ್ನೂ ಕೊಡುತ್ತಾನೆ.

ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆ ಬಾಗಿಲಿಗೆ ಬಂದಿದ್ದ ಹೆಂಡತಿ ಒಂದು ಕ್ಷಣ ನಿಂತು ನೋಡಿದಳು.

“ಅಯ್ಯೋ, ಬೆಕ್ಕಿನವನು! ಪಾಪ, ಇನ್ನೂ ಇದಾನೆ ನೋಡ್ರೀ” ಎಂದಳು.

‘ಹ್ಯಾರಿ ಡೀನ್’ ಎಂದು ನಾನು ಶುರುಮಾಡುವಷ್ಟರಲ್ಲಿ ಒಳಗೆ ಸಾಸಿವೆ ಸಿಡಿಯಿತು.